ಸೈಲೆನ್ಸರ್ ಹೊಗೆಯ ಬಣ್ಣದಿಂದ ಎಂಜಿನ್ ದೋಷ ಹಿಡಿಯುವುದು

ಫೋರ್ ಸ್ಟ್ರೋಕ್ ಪೆಟ್ರೋಲ್ ಗಾಡಿಯ ಪರೀಕ್ಷೆ ಇದು. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಚಳಿಯಲ್ಲಿ ಮೊದಮೊದಲು ಬರುವ ತೆಳು ಬಿಳಿ ಹೊಗೆ ಬರೀ ನೀರಾವಿ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಪೆಟ್ರೋಲ್ ಉರಿಯುವ ಸಿಲಿಂಡರಿಗೆ ಸೋರುತ್ತಿದೆ. ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲ್ಭಾಗದ ನಡುವೆ ಸೋರದಂತೆ ತಡೆಯುವ ಪದರ) ಹೋಗಿರುತ್ತದೆ. ಗಾಡಿ ಓಡಿಸಬೇಡಿ.

ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಮೊದಲು ಏರ್ ಫಿಲ್ಟರ್ ಬಿಚ್ಚಿ, ಹಿಂದೆ ಟಾರ್ಚ್ ಹಿಡಿದು ನೋಡಿ. ಬೆಳಕು ಹಾಯದಿದ್ದರೆ ಹೊಸದು ಹಾಕಿ. ಕಾಗದದ ಫಿಲ್ಟರನ್ನು ತೊಳೆಯಬಾರದು. ಆಮೇಲೆ ಸ್ಪಾರ್ಕ್ ಪ್ಲಗ್ ತೆಗೆಯಿರಿ: ತುದಿ ತಿಳಿಕಂದು ಇದ್ದರೆ ಸರಿ, ಒಣ ಕರಿ ಮಸಿ ಹತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಜಿಡ್ಡಾಗಿ ಒದ್ದೆಯಿದ್ದರೆ ಆಯಿಲ್ ಬರುತ್ತಿದೆ. ಫಿಲ್ಟರ್ ಚೊಕ್ಕಟವಿದ್ದೂ ಹೊಗೆ ಕಪ್ಪಾಗಿಯೇ ಇದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿಸಿ. ಹಳೆಯ ಗಾಡಿಯಾದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರ್.

ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವ ಗುರುತು. ಅದು ಯಾವಾಗ ಬರುತ್ತದೆ ಎನ್ನುವುದೇ ಮುಖ್ಯ. ಸ್ಟಾರ್ಟ್ ಮಾಡಿದಾಗ ಬುಸ್ಸೆಂದು ಬಂದು ನಿಂತರೆ ಮೇಲಿನಿಂದ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಸವೆದಿರಬಹುದು. ಏರು ಹತ್ತುವಾಗ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಕೆಳಗಿನಿಂದ ಆಯಿಲ್ ಏರದಂತೆ ತಡೆಯುವ ಪಿಸ್ಟನ್ ರಿಂಗಿನ ಮೇಲೆ ಅನುಮಾನ. ಎಂಜಿನ್ ಬಿಚ್ಚಿಸುವ ಮುಂಚೆ ಸಮತಟ್ಟು ನೆಲದಲ್ಲಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ, ಆಯಿಲ್ ಮೇಲಿನ ಗೆರೆ ದಾಟಿದ್ದರೂ ನೀಲಿ ಹೊಗೆ ಬರಬಹುದು.

ಹೊಗೆಯೇ ಕಾಣದಿದ್ದರೂ ಗಾಳಿ ಕೆಡುತ್ತಿರಬಹುದು; ಹೆಚ್ಚಿನವರು ಎಡವುವುದು ಇಲ್ಲೇ. ಸೈಲೆನ್ಸರ್ ಕೊಳವೆಯಲ್ಲಿ ಹೊಗೆ ಶುದ್ಧಮಾಡುವ ಭಾಗವಾದ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾದ ಮೇಲಷ್ಟೇ ವಿಷಾನಿಲಗಳನ್ನು ಸರಿಯಾಗಿ ಒಡೆಯುತ್ತದೆ. ಅದಕ್ಕೇ ಪದೇ ಪದೇ ಹತ್ತಿರದ ಓಡಾಟಕ್ಕೆ ಗಾಡಿ ತೆಗೆಯುವುದು ಕೆಟ್ಟದ್ದು. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ: ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದರ ಜೇನುಗೂಡಿನಂಥ ಪಿಂಗಾಣಿಯನ್ನು ಕರಗಿಸುತ್ತದೆ. ಒಂದು ಸಾಮಾನ್ಯ ಪ್ಲಗ್ ಬದಲಿಸದ್ದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ದುಬಾರಿ ಭಾಗವೇ ಹೋಗುತ್ತದೆ. ದೀಪ ಮಿನುಗಿದರೆ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.