ಪುಸ್ತಕ ಮುಚ್ಚಿದ ಮೇಲೆಯೇ ಓದು ಶುರು

ವಾರ್ಷಿಕ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲಿನ ವರಾಂಡದಲ್ಲಿ ರಾತ್ರಿ ಹನ್ನೆರಡರವರೆಗೂ ಓಡಾಟ. ಕೈಯಲ್ಲಿ ನೋಟ್ಸು, ತುಟಿಯಲ್ಲಿ ಪಾಠ. ರಾಯಚೂರು ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾ ಆರು ವರ್ಷ ಹುಡುಗಿಯರ ಹಾಸ್ಟೆಲನ್ನೂ ನೋಡಿಕೊಂಡ ನನಗೆ ಆ ಗುನುಗು ಕೇಳಿದರೆ ಇವತ್ತಿಗೂ ಸಂಕಟವಾಗುತ್ತದೆ. ಅಷ್ಟು ಕಷ್ಟಪಡುವ ಮಕ್ಕಳು, ಅಷ್ಟು ಕಡಿಮೆ ಫಲ.

ಒಂದು ರಾತ್ರಿ ಮಸ್ಕಿ ಕಡೆಯ ಹುಡುಗಿಯೊಬ್ಬಳನ್ನು ನಿಲ್ಲಿಸಿ ಏನು ಓದುತ್ತಿದ್ದೀಯಮ್ಮ ಎಂದೆ. ಅವಳ ಊರಿನ ಪಕ್ಕದ್ದೇ ಪಾಠ, ಮಸ್ಕಿಯ ಅಶೋಕನ ಶಾಸನ. "ಐದು ಸಲ ಓದಿದ್ದೇನೆ ಮೇಡಂ" ಎಂದಳು. ನೋಟ್ಸು ನನ್ನ ಕೈಗೆ ತೆಗೆದುಕೊಂಡು, ಆ ಶಾಸನ ಯಾಕೆ ಮುಖ್ಯ ಎಂದು ಕೇಳಿದೆ. "ಅದು ಅಶೋಕನ ಶಾಸನ ಮೇಡಂ" ಎಂದವಳು ಅಲ್ಲಿಗೇ ನಿಂತಳು. ಉತ್ತರದ ಸಾಲು ಎಡಗಡೆಯ ಪುಟದ ಕೆಳಗಿದೆ, ಅದಕ್ಕೆ ಹಸಿರು ಗೆರೆ ಎಳೆದಿದ್ದೇನೆ ಎಂಬುದೂ ಅವಳಿಗೆ ನೆನಪಿತ್ತು. ಸಾಲಿನೊಳಗೆ ಏನಿದೆ ಎಂಬುದು ಮಾತ್ರ ಬರಲಿಲ್ಲ. ಕಣ್ಣಿಗೆ ಪರಿಚಯವಾದದ್ದನ್ನೇ ತಲೆಗೆ ಹತ್ತಿದ್ದು ಎಂದು ಅವಳು ನಂಬಿದ್ದಳು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ಈ ಕ್ರಮ.

ಮೊದಲನೆಯದು ಜಾಗ ಮತ್ತು ಹೊತ್ತು. ದಿನವೂ ಒಂದೇ ಜಾಗ, ಒಂದೇ ಹೊತ್ತು, ಮೊಬೈಲ್ ಬೇರೆ ಕೋಣೆಯಲ್ಲಿ. ಮೊಬೈಲನ್ನು ಬೋರಲು ಹಾಕಿ ಪಕ್ಕದಲ್ಲಿಟ್ಟುಕೊಂಡರೆ ಸಾಲದು.

ಎರಡನೆಯದು ಪಾಠವನ್ನು ಪ್ರಶ್ನೆಗಳಾಗಿ ಒಡೆಯುವುದು. ಎರಡು ಮೂರು ಪುಟ ನಿಧಾನವಾಗಿ ಓದಿ, ಪ್ರತಿ ಉಪಶೀರ್ಷಿಕೆಯನ್ನೂ ಪ್ರಶ್ನೆಯಾಗಿ ತಿರುಗಿಸಿ ಒಂದು ಹಾಳೆಯ ಮೇಲೆ ಬರೆಯಿರಿ. "ರಾಯಚೂರು ಕದನ" ಎಂದಿದ್ದರೆ, 1520ರಲ್ಲಿ ಯಾರು ಯಾರ ಮೇಲೆ ಏರಿ ಹೋದರು, ಈ ಕೋಟೆಗಾಗಿಯೇ ಯಾಕೆ ಬಡಿದಾಡಿದರು, ಆಮೇಲೆ ಏನಾಯಿತು ಎಂದು ಮೂರು ಪ್ರಶ್ನೆ ಸಾಕು. ಪಾಸಾಗಲು ಬೇಕಾದಷ್ಟು ಪ್ರಶ್ನೋತ್ತರಗಳನ್ನು ಆಯ್ದು ಕೊಡುವ ಪಾಸಿಂಗ್ ಪ್ಯಾಕೇಜುಗಳ ಬಗ್ಗೆ ಇಲ್ಲೇ ಒಂದು ಮಾತು. ಅವುಗಳಲ್ಲಿರುವ ಪ್ರಶ್ನೆಗಳನ್ನು ಧಾರಾಳವಾಗಿ ಬಳಸಿಕೊಳ್ಳಿ, ಉತ್ತರಗಳನ್ನು ಮಾತ್ರ ಮುಚ್ಚಿಡಿ. ಸಿದ್ಧ ಉತ್ತರವಿರುವ ಗೈಡುಗಳನ್ನಂತೂ ನಾನು ಹಾಸ್ಟೆಲಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಣ್ಣಬಣ್ಣದ ಹೈಲೈಟರ್‌ಗಳ ದುಡ್ಡಿಗೆ ಒಂದು ರಿಮ್ ಹಾಳೆ ಕೊಳ್ಳುವುದು ಎಷ್ಟೋ ಮೇಲು. ಪುಟವೆಲ್ಲ ಹಳದಿಯಾದ ಮೇಲೆ ಮುಖ್ಯವಾದದ್ದು ಯಾವುದು ಎಂದು ಹೇಗೆ ಗೊತ್ತಾಗಬೇಕು?

ಮೂರನೆಯದೇ ನಿಜವಾದ ಓದು, ಎಲ್ಲರೂ ಕೆಡಿಸುವುದೂ ಇದನ್ನೇ. ಪುಸ್ತಕ ಮುಚ್ಚಿ ಬರೆಯುವುದು.

ಮುಚ್ಚುವುದೆಂದರೆ ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುವುದಲ್ಲ. ನಮ್ಮ ಹುಡುಗಿಯರಿಗೆ ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಎನ್ನುತ್ತಿದ್ದೆ. ಯಾಕೆಂದರೆ ಖಾಲಿ ಹಾಳೆಯ ಮುಂದೆ ಕುಳಿತ ಅರ್ಧ ನಿಮಿಷಕ್ಕೆ ಕೈ ತಾನಾಗಿಯೇ ಪುಸ್ತಕದತ್ತ ಹೋಗುತ್ತದೆ. ಏನೂ ಹೊಳೆಯುವುದಿಲ್ಲ, ಬೆವರುತ್ತದೆ, ನಾನು ದಡ್ಡಿ ಎನಿಸುತ್ತದೆ. ಒಂದೇ ಒಂದು ಸಲ ಇಣುಕಿದರೆ ಎಲ್ಲ ನೆನಪಾಗುತ್ತದೆ ಎಂದು ಮನಸ್ಸು ಪುಸಲಾಯಿಸುತ್ತದೆ. ಇಣುಕಬೇಡಿ. ತಡಕಾಡುವ ಆ ಐದು ನಿಮಿಷದಲ್ಲೇ ಕಲಿಕೆ ನಡೆಯುವುದು. ಬಾವಿಯಿಂದ ಕೊಡವನ್ನು ನೀವೇ ಸೇದಿದರೆ ತಾನೆ ತೋಳಿಗೆ ಬಲ ಬರುವುದು, ಪಕ್ಕದವರು ಸೇದಿಕೊಟ್ಟರೆ ಬರುತ್ತದೆಯೆ?

ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬರೆಯಿರಿ. ಪೂರ್ತಿ ವಾಕ್ಯ ಬೇಕಿಲ್ಲ, ಅಕ್ಷರ ದುಂಡಗಿರಬೇಕಿಲ್ಲ. ಬಿಡಿ ಪದ, ಬಾಣದ ಗುರುತು, ಸಣ್ಣ ಚಿತ್ರ, ಏನು ಬಂದರೂ ಸರಿ. ನಾಲಿಗೆಯ ತುದಿಗೆ ಬಂದು ನಿಂತದ್ದಕ್ಕೆ ಜಾಗ ಬಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಹತ್ತು ನಿಮಿಷವಾದ ಮೇಲೆ ಟ್ರಂಕು ತೆರೆದು, ಪುಸ್ತಕದೊಂದಿಗೆ ತಾಳೆ ನೋಡುತ್ತಾ, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ಬರೆಯಿರಿ. ಕೆಂಪೇ ಆಗಬೇಕು. ಮರುದಿನ ಎಲ್ಲಿ ಕೆಲಸ ಬಾಕಿಯಿದೆ ಎಂದು ಹುಡುಕಬೇಕಾಗುವುದಿಲ್ಲ.

ಆ ಮಸ್ಕಿಯ ಹುಡುಗಿಯ ಮೊದಲ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ನಾಲ್ಕೇ ಪದವಿದ್ದವು: ಮಸ್ಕಿ, ಅಶೋಕ, ಬಂಡೆ, ಬ್ರಾಹ್ಮಿ ಲಿಪಿ. ಉಳಿದದ್ದೆಲ್ಲ ಕೆಂಪು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡದ್ದು, ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ರಾಜನಿಗೆ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳಷ್ಟೇ ಇದ್ದದ್ದು, ಈ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಕಂಡದ್ದು, ಅದರಿಂದ ಆ ದೇವಾನಾಂಪ್ರಿಯ ಅಶೋಕನೇ ಎಂದು ಖಚಿತವಾದದ್ದು. ಎರಡನೆಯ ಹಾಳೆಯಲ್ಲಿ ಹೆಸರಿನ ವಿಷಯ ನೀಲಿಗೆ ಬಂತು, ಇಸವಿ ಕೆಂಪಿನಲ್ಲೇ ಉಳಿಯಿತು. ಮೂರನೆಯ ಹಾಳೆಯಲ್ಲಿ ಕೆಂಪು ಎರಡೇ ಕಡೆ. ಮೂರನ್ನೂ ಅಕ್ಕಪಕ್ಕ ಇಟ್ಟು ಅವಳು ತುಂಬ ಹೊತ್ತು ನೋಡುತ್ತಾ ಕುಳಿತಿದ್ದಳು.

ಈ ಹಂತದಲ್ಲಿ ಮಾಡುವ ತಪ್ಪುಗಳು ಇನ್ನೂ ಇವೆ. ಕೆಲವರು ಬರೆದು ತಾಳೆ ನೋಡದೆ ಎದ್ದುಬಿಡುತ್ತಾರೆ, ತಪ್ಪು ಉತ್ತರವೇ ಗಟ್ಟಿಯಾಗುತ್ತದೆ. ಕೆಲವರು ಅದೇ ಹಾಳೆಯನ್ನು ಅಂದವಾಗಿ ನಕಲು ಮಾಡಲು ಕೂರುತ್ತಾರೆ, ಒಂದು ಸಂಜೆಯೇ ಹೋಗುತ್ತದೆ. ಗಣಿತ, ಲೆಕ್ಕಶಾಸ್ತ್ರದವರು ಬಿಡಿಸಿಟ್ಟ ಲೆಕ್ಕದ ಮೇಲೆ ಕಣ್ಣಾಡಿಸಿ "ತಿಳಿಯಿತು" ಎನ್ನುತ್ತಾರೆ. ಉತ್ತರ ಮುಚ್ಚಿ ಮೊದಲಿನಿಂದ ಬಿಡಿಸದೆ ಲೆಕ್ಕ ಯಾರಿಗೂ ತಿಳಿಯುವುದಿಲ್ಲ.

ಇದು ನನ್ನೊಬ್ಬಳ ಹಟವಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಪಾಠವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಿದರು, ಉಳಿದವರು ಓದಿ, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರಿಗೆ ಹೆಚ್ಚು ಉಳಿದಿತ್ತು. ವರಾಂಡದ ಓಡಾಟ ಮಕ್ಕಳಿಗೆ ಯಾಕೆ ಧೈರ್ಯ ಕೊಡುತ್ತದೆ, ಪರೀಕ್ಷೆಯ ಕೋಣೆಯಲ್ಲಿ ಯಾಕೆ ಕೈ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಸಿಕ್ಕಿಲ್ಲ.

ನಾಲ್ಕನೆಯದು ಅಂತರ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ, ಅದೇ ಪ್ರಶ್ನೆಗಳಿಗೆ ಮರುದಿನ, ನಾಲ್ಕನೆಯ ದಿನ, ಹತ್ತನೆಯ ದಿನ, ತಿಂಗಳಿಗೊಮ್ಮೆ ಮತ್ತೆ ಬರೆಯಿರಿ. ಕಲಿತದ್ದರ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಸೋರಿಹೋಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ಸೋರುವ ಮುನ್ನ ಮುಟ್ಟಿದರೆ ಕೆಲಸ ಹಗುರ.

ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಭಾಗದ ಎಷ್ಟೋ ಮಕ್ಕಳು ವಾರಗಟ್ಟಲೆ ಹೊಲದಲ್ಲಿರುತ್ತಾರೆ. ಓದು ನಿಂತಿತು ಎಂದು ಕೈಚೆಲ್ಲುತ್ತಾರೆ. ನಿಲ್ಲಬೇಕಿಲ್ಲ. ಬೆಳಿಗ್ಗೆ ಐದು ಪ್ರಶ್ನೆಗಳ ಚೀಟಿ ಜೇಬಿಗೆ ಹಾಕಿಕೊಂಡು ಹೋಗಿ, ಹತ್ತಿ ಗಿಡಗಳ ಒಂದು ಸಾಲಿಗೆ ಒಂದು ಪ್ರಶ್ನೆಯಂತೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ, ಸಂಜೆ ಪುಸ್ತಕದಲ್ಲಿ ತಾಳೆ ನೋಡಿ. ದೇವದುರ್ಗದ ಕಡೆಯ ಇಬ್ಬರು ಅಕ್ಕತಂಗಿಯರು ಒಬ್ಬರಿಗೊಬ್ಬರು ಪ್ರಶ್ನೆ ಹಾಕುತ್ತಾ ಹತ್ತಿ ಬಿಡಿಸಿ, ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರವನ್ನು ಹೀಗೆಯೇ ಮುಗಿಸಿದರು.

ಇನ್ನು ದೇಹ. ಓದಿದ್ದು ನೆನಪಾಗಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹತ್ತಿರತ್ತಿರ ಎಂಟಾದರೂ ಆಗಲಿ. ರಾತ್ರಿ ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುವುದನ್ನೇ ನಾನು ಒತ್ತಿ ಹೇಳುತ್ತೇನೆ, ನಮ್ಮ ಬಿಸಿಲಿಗೆ ಅದೇ ಸರಿ. ದ್ವಿತೀಯ ಪಿಯುಸಿಗೆ 2024ರಿಂದ ಪೂರಕ ಪರೀಕ್ಷೆಯ ಬದಲು ಪರೀಕ್ಷೆ-1, ಪರೀಕ್ಷೆ-2 ಎಂದು ಬಂದ ಮೇಲೆ, ಅಂಕ ಹೆಚ್ಚಿಸಿಕೊಳ್ಳಲು ಬೇಸಿಗೆಯಲ್ಲೂ ಓದುವವರು ಹೆಚ್ಚಿದ್ದಾರೆ. ರಾಯಚೂರಿನಲ್ಲಿ ಆಗ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಬರೆಯುವ ಕೆಲಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮಧ್ಯಾಹ್ನ ಅರ್ಧ ಗಂಟೆ ಮಲಗಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಊಟದ ವಿಷಯದಲ್ಲಿ ಹುಡುಗಿಯರಿಗೇ ಹೆಚ್ಚು ಹೇಳಬೇಕಾಗಿದೆ. ಬೆಳಿಗ್ಗೆ ಬರೀ ಚಹಾ ಕುಡಿದು ಬಸ್ ಹತ್ತುತ್ತಾರೆ, ಹತ್ತು ಗಂಟೆಗೆ ಕಣ್ಣು ಕತ್ತಲೆ. ಮೊದಲೇ ರಕ್ತಹೀನತೆ, ಅದನ್ನು ಓದಿನ ಆಲಸ್ಯ ಎಂದು ಮನೆಯವರು ಬೈಯುತ್ತಾರೆ. ಒಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಸೊಪ್ಪಿನ ಪಲ್ಯ ತಿಂದು ಹೊರಡಿ. ಶಾಲೆ ಕಾಲೇಜುಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುವುದನ್ನು ನೋಡಿದ್ದೇನೆ, ಹೊಟ್ಟೆ ತೊಳಸುತ್ತದೆ ಎಂಬ ಕಾರಣಕ್ಕೆ. ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ, ಊಟವಾದ ಮೇಲೆ ನುಂಗಿ. ಅದರ ಹಿಂದೆಯೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಮಲ ಕಪ್ಪಗಾದರೆ ಗಾಬರಿ ಬೇಡ, ಮಾತ್ರೆಯಿಂದ ಹಾಗಾಗುತ್ತದೆ. ನೆನಪಿನ ಶಕ್ತಿ ಹೆಚ್ಚಿಸುವ ಪುಡಿ, ಟಾನಿಕ್ ಎಂದು ಪರೀಕ್ಷೆಯ ಹೊತ್ತಿಗೆ ಮಾರಲು ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ದುಡ್ಡಿಗೆ ಮೊಟ್ಟೆ, ಶೇಂಗಾ, ಬೆಲ್ಲ ಬರುತ್ತದೆ.

ಕೊನೆಯದು ಮನಸ್ಸಿನ ಭಾರ. ಪರೀಕ್ಷೆಯ ದಿಗಿಲು ಎಲ್ಲರಿಗೂ ಇರುವಂಥದ್ದೇ. ಆದರೆ ಎರಡು ವಾರವಾದರೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಗೆಳತಿಯರ ಜೊತೆ ಮಾತಿಲ್ಲ, ಬದುಕಿ ಏನು ಫಲ ಎಂಬ ಮಾತು ಬಾಯಿಗೆ ಬರುತ್ತಿದೆ ಎಂದರೆ ಅದು ದಿಗಿಲಲ್ಲ, ಕಾಯಿಲೆ. ಜ್ವರಕ್ಕೆ ಆಸ್ಪತ್ರೆಗೆ ಹೋದಂತೆ ಇದಕ್ಕೂ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ನನ್ನ ಹುಡುಗಿಯರ ಟ್ರಂಕಿನ ಮುಚ್ಚಳದ ಒಳಗೆ ಈ ಸಂಖ್ಯೆಯ ಚೀಟಿ ಅಂಟಿಸಿಟ್ಟಿದ್ದೆ, ಪುಸ್ತಕ ತೆಗೆಯುವಾಗಲೆಲ್ಲ ಕಾಣಲಿ ಎಂದು.

ಪರೀಕ್ಷೆಯ ದಿನ ಬೆಳಿಗ್ಗೆ ಹೊಸದೇನನ್ನೂ ಮುಟ್ಟಬೇಡಿ. ಹಳೆಯ ಹಾಳೆಗಳ ಕೆಂಪು ಶಾಯಿಯನ್ನಷ್ಟೇ ನೋಡಿ. ಹಳ್ಳಿಯಿಂದ ಬರುವವರು ಒಂದು ಬಸ್ ಮೊದಲೇ ಹೊರಡಿ. ಮಗ ಅಥವಾ ಮಗಳು ಪರೀಕ್ಷೆ ಬರೆದು ಬಂದಾಗ ಮನೆಯವರು ಪ್ರಶ್ನೆಪತ್ರಿಕೆ ಕಸಿದುಕೊಂಡು ಒಂದೊಂದೇ ಉತ್ತರ ಕೇಳಬೇಡಿ. ಬರೆದದ್ದು ಬರೆದಾಯಿತು, ನಾಳಿದ್ದು ಇನ್ನೊಂದು ವಿಷಯವಿದೆ. ಕೈಕಾಲು ತೊಳೆಯಲು ನೀರು ಕೊಟ್ಟು, ಉಣ್ಣಲು ಬಡಿಸಿ, ಒಂದು ಗಂಟೆ ಮಲಗಲು ಬಿಡಿ.