ಹಳೆಯ ಡಿಡಿಎಲ್-555: ಕರೆಂಟ್ ಕೊಡುವ ಮೊದಲೇ ಹೆಡ್ ಪರೀಕ್ಷೆ

ಮೋಟಾರ್ ಓಡಿಸದೆ ಹೊಲಿಗೆ ಮಿಷಿನ್ ಗುಣ ಗೊತ್ತಾಗಲ್ಲ ಅಂತ ಮೆಕ್ಯಾನಿಕ್‌ಗಳು ವಾದ ಮಾಡುತ್ತಿದ್ದರು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗಳಿಂದ ಹೊರಬೀಳುವ ಜಪಾನಿನ ಜೂಕಿ ಕಂಪನಿಯ ಹಳೆಯ ಡಿಡಿಎಲ್-555 ಹೆಡ್‌ಗಳನ್ನು (ಟೇಬಲ್, ಮೋಟಾರ್ ಬಿಟ್ಟು ಮೇಲಿನ ಮಿಷಿನ್ ಭಾಗ) ನಾನು ಕೈಯಲ್ಲೇ ತಿರುಗಿಸಿ ಆರಿಸುತ್ತೇನೆ. ಅಂದು ವಾದ ಮಾಡಿದವರೇ ಈಗ ಆರಿಸಲು ನನ್ನನ್ನು ಕರೆಯುತ್ತಾರೆ.

ಬಣ್ಣ ನೋಡಬೇಡಿ, ಪೇಂಟ್ ಹೊಡೆಸಲು ಹೆಚ್ಚು ಖರ್ಚಿಲ್ಲ. ಮಾಡೆಲ್ ಪ್ಲೇಟ್ ಕಿತ್ತು ಕೂರಿಸಿದ ಗುರುತಿದ್ದರೆ ಅಲ್ಲೇ ಬಿಟ್ಟುಬಿಡಿ.

ಹೆಡ್ ಹಿಂದಕ್ಕೆ ಮಲಗಿಸಿ, ಒಂದು ಕೈಯಲ್ಲಿ ಹುಕ್ (ಕೆಳಗೆ ತಿರುಗುತ್ತಾ ಸೂಜಿಯ ದಾರ ಹಿಡಿಯುವ ಭಾಗ) ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಪಕ್ಕದ ಕೈ ವೀಲ್ ಅಲುಗಿಸಿ. ವೀಲಿನ ಅಂಚು ಎರಡು-ಮೂರು ಮಿ.ಮೀ. ಆಡಿ ಟಕ್ ಅಂದರೆ ಬೆವೆಲ್ ಗೇರ್ (ಓರೆ ಹಲ್ಲಿನ ಗೇರ್) ಸವೆದಿದೆ. ಗೇರನ್ನು ಜೋಡಿಯಾಗಿಯೇ ಬದಲಿಸಬೇಕು. ಕೂಲಿ ಸೇರಿದರೆ ಲಾಭವೆಲ್ಲ ಅಲ್ಲಿಗೇ ಹೋಯಿತು. ಹುಕ್ ಮಾತ್ರ ಹೋಗಿದ್ದರೆ ಹೆದರಬೇಡಿ. ಒಳ್ಳೆಯದು ಸಾವಿರದ ಮೇಲೆ, ಚೀನಾದ್ದು ಮುನ್ನೂರರ ಆಸುಪಾಸು ಇತ್ತು. ಅಗ್ಗದ್ದನ್ನೂ ಹಾಕಿ ನೋಡಿದ್ದೇನೆ: ಪಾಪ್ಲಿನ್‌ಗೆ ಸರಿಹೋಯಿತು, ಜೀನ್ಸ್ ಮಡಿಕೆ ಮೇಲೆ ಹೊಲಿಗೆ ತಪ್ಪಿಸಿತು.

ಹುಕ್ ತುದಿ ಮೊಂಡಾದಾಗ ಕೆಲವರು ಸೂಜಿ ಬಾರ್ (ಸೂಜಿ ಹಿಡಿದಿರುವ ಕಂಬಿ) ಇಳಿಸಿ ದೋಷ ಮುಚ್ಚಿಡುತ್ತಾರೆ. ಈ ಮಿಷಿನ್‌ಗೆ ಹಾಕುವ ಹೊಸ ಡಿಬಿ×1 ಸೂಜಿ ಪೂರ್ತಿ ಮೇಲಕ್ಕೆ ಹಾಕಿ, ಬಾರ್ ತೀರಾ ಕೆಳಗಿರುವಾಗ ಬಾರಿನಲ್ಲಿ ಕೊರೆದಿರುವ ಗೆರೆಗಳಲ್ಲಿ ಮೇಲಿನದು ಕೆಳಬುಷ್ಷಿನ (ಬಾರ್ ಜಾರುವ ಕೊಳವೆ) ಕೆಳ ಅಂಚಿಗೆ ಕೂರುತ್ತದೆಯೇ ನೋಡಿ. ಬಾರ್ ಏರುತ್ತಾ ಕೆಳಗಿನ ಗೆರೆ ಅದೇ ಅಂಚಿಗೆ ಬಂದಾಗ ಹುಕ್ ತುದಿ ಸೂಜಿಯ ನಡುಮಧ್ಯಕ್ಕೆ ಬರಬೇಕು, ಎರಡರ ನಡುವಿನ ಅಂತರ 0.04ರಿಂದ 0.1 ಮಿ.ಮೀ. ಗೆರೆ ತಪ್ಪಿದ್ದರೆ ಹುಕ್ ಖರ್ಚನ್ನು ರೇಟಿನಲ್ಲಿ ಕಳೆಯಿರಿ.

ಮುಖ್ಯ ಪರೀಕ್ಷೆ ಕಾಗದದ್ದು. ಮೇಲಿನ ದಾರ, ಬಾಬಿನ್ ಎರಡೂ ತೆಗೆದು, ಹೊಲಿಗೆ ಉದ್ದದ ಡಯಲ್ 3ಕ್ಕಿಟ್ಟು, ಗೆರೆಯಿಲ್ಲದ ನೋಟ್‌ಬುಕ್ ಹಾಳೆಯ ಮೇಲೆ ವೀಲ್ ತಿರುಗಿಸಿ. ತೂತುಗಳ ನಡುವಿನ ಇಪ್ಪತ್ತು ಅಂತರ ಸೇರಿ ಸುಮಾರು 60 ಮಿ.ಮೀ. ಬರಬೇಕು. ಎಲ್ಲ ಅಂತರವೂ ಒಂದೇ ಸಮನೆ ಕಮ್ಮಿ-ಜಾಸ್ತಿ ಇದ್ದರೆ ಹೊಂದಿಸಬಹುದು. ಒಂದೊಂದು ತೂತು ಒಂದೊಂದು ದೂರಕ್ಕೆ ಬಿದ್ದರೆ ಫೀಡ್ ಲಿಂಕ್ (ಬಟ್ಟೆ ಮುಂದೆ ತಳ್ಳುವ ಭಾಗದ ಕೊಂಡಿ) ಸವೆದಿದೆ, ತೂತುಗಳ ಸಾಲು ಅತ್ತಿತ್ತ ಓಲಾಡಿದರೆ ಸೂಜಿ ಬಾರ್ ಬುಷ್ ಸಡಿಲ. ರಿವರ್ಸ್ ಒತ್ತಿ ವಾಪಸ್ ತಂದಾಗಲೂ ಸೂಜಿ ಅದೇ ತೂತುಗಳ ಮೇಲೆ ಬೀಳುತ್ತದೆಯೇ ನೋಡಿ.

ಆಯಿಲ್ ಪ್ಯಾನಿನ ತಳದಲ್ಲಿ ಅಯಸ್ಕಾಂತ ಆಡಿಸಿ. ಕಬ್ಬಿಣದ ಪುಡಿ ದಪ್ಪಗೆ ಅಂಟಿದರೆ ಬೇಡ. ಆಮೇಲಷ್ಟೇ ಕರೆಂಟ್: ಮೇಲಿನ ಗಾಜಿನಲ್ಲಿ ಎಣ್ಣೆ ಚಿಮ್ಮದಿದ್ದರೆ ಪಂಪ್ ಬಿಚ್ಚಿ ತೊಳೆಯಬೇಕು, ಬಹುಪಾಲು ಕಸ ಕಟ್ಟಿರುತ್ತದೆ.

ಹೆಡ್ ಮಾತ್ರ ಏಳರಿಂದ ಒಂಬತ್ತು ಸಾವಿರದೊಳಗೆ ಸಿಗುತ್ತಿತ್ತು, ಸರ್ವೋ ಮೋಟಾರ್‌ಗೆ (ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಮೋಟಾರ್) ಇನ್ನೊಂದು ನಾಲ್ಕು ಸಾವಿರ. ಕರೆಂಟ್ ಉಳಿಯುತ್ತದೆ, ಸದ್ದೂ ಇಲ್ಲ. ಆದರೆ ಸರ್ವೋದಲ್ಲಿ ದಿನವಿಡೀ ನಿಧಾನ ಹೊಲಿದರೆ ಪಂಪ್ ಮೇಲಕ್ಕೆ ಎಣ್ಣೆ ಸಾಕಷ್ಟು ಎತ್ತುವುದಿಲ್ಲ. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಬಟ್ಟೆಯಿಲ್ಲದೆ, ಬಟ್ಟೆ ಒತ್ತುವ ಪ್ರೆಸರ್ ಫುಟ್ ಎತ್ತಿಟ್ಟು ಒಂದೆರಡು ನಿಮಿಷ ಜೋರಾಗಿ ಓಡಿಸಿ.