ಹಡಗಿನ ಡೆಕ್‌ನಿಂದ ನಕ್ಷತ್ರಗಳ ಫೋಟೋ: ಗೀರು ಹೋಗಿದ್ದು ಹೀಗೆ

ಕೊಚ್ಚಿ–ಲಕ್ಷದ್ವೀಪ ಹಡಗಿನಲ್ಲಿ 15 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ, ಅಂದರೆ ಶಟರ್ ಅಷ್ಟು ಹೊತ್ತು ತೆರೆದಿಟ್ಟರೆ, ನಕ್ಷತ್ರಗಳೆಲ್ಲ ಸೊಟ್ಟ ಗೀರುಗಳಾಗುತ್ತವೆ. ಕಾರಣ ಭೂಮಿ ತಿರುಗುವುದಲ್ಲ, ಹಡಗಿನ ಹೊಯ್ದಾಟ. ಟ್ರೈಪಾಡ್ ಒಂದೇ ಇದಕ್ಕೆ ಮದ್ದಲ್ಲ. ಅದು ಎಂಜಿನ್ ನಡುಕವನ್ನೂ ಕ್ಯಾಮೆರಾಕ್ಕೆ ದಾಟಿಸುತ್ತದೆ. ಅದರ ಕಾಲಡಿ ದಪ್ಪ ಟವೆಲ್ ಮಡಚಿಟ್ಟು, 20 ಎಂಎಂ ಲೆನ್ಸ್, ಎಫ್/1.8 (ಲೆನ್ಸ್ ಬಾಯಿ ಅಗಲವಾಗಿ), ಐಎಸ್‌ಒ 6400 (ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿ), 1 ಸೆಕೆಂಡ್ ಎಕ್ಸ್‌ಪೋಷರ್ ಇಟ್ಟಾಗ ಸರಿಹೋಯಿತು. ಹಡಗು ಪಕ್ಕಕ್ಕೆ ವಾಲಿ, ಮರಳುವ ಮುನ್ನ ಅರೆಕ್ಷಣ ತಡೆಯುತ್ತದೆ. ಶಟರ್ ಒತ್ತಬೇಕಾದ್ದು ಆಗಲೇ. ಸಾಲಾಗಿ ತೆಗೆದು, ಚೊಕ್ಕವಾದವನ್ನಷ್ಟೇ ಸ್ಟ್ಯಾಕ್ ಮಾಡಿ, ಅಂದರೆ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡಿ.

ಎಸಿ ಕ್ಯಾಬಿನ್‌ನಿಂದ ನೇರ ಹೊರಬಂದರೆ ಲೆನ್ಸ್ ಮಂಜಾಗುತ್ತದೆ. ಕ್ಯಾಮೆರಾವನ್ನು ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲೇ ಅರ್ಧ ಗಂಟೆ ಡೆಕ್ ಮೇಲಿಡಿ. ದೀಪಗಳಿಗೆ ಬೆನ್ನು ಹಾಕಿ, ಗಾಳಿ ಮರೆಯ ಪಕ್ಕದಲ್ಲಿ ನಿಲ್ಲಿ.

ಏಪ್ರಿಲ್ ಕೊನೆಗೆ ರಾತ್ರಿ 10.30ರ ಸುಮಾರಿಗೆ ದಕ್ಷಿಣದಲ್ಲಿ ತ್ರಿಶಂಕು (ಶಿಲುಬೆಯಾಕಾರದ ಸದರ್ನ್ ಕ್ರಾಸ್ ನಕ್ಷತ್ರಪುಂಜ) ನೆಟ್ಟಗೆ ನಿಂತಿರುತ್ತದೆ. ಬೈನಾಕ್ಯುಲರ್ 7×50 (7 ಪಟ್ಟು ಹಿಗ್ಗಿಸುವ, 50 ಎಂಎಂ ಮುಂಗಾಜಿನದು) ಸಾಕು; 12 ಪಟ್ಟಿನದು ಹೊಯ್ದಾಟವನ್ನೂ ಹಿಗ್ಗಿಸುವುದರಿಂದ ಅಲ್ಲಿ ಬರೀ ತಲೆನೋವು.